ವಾಹನಗಳ ಪೂರಕ ಗಾಳಿ ವ್ಯವಸ್ಥೆ

ಪೆಟ್ರೋಲ್ ಎಂಜಿನ್‌ನಿಂದ ಹೊರಬೀಳುವ ಬಿಸಿ ಅನಿಲಕ್ಕೆ, ಅದು ಸೈಲೆನ್ಸರ್ ಮುಟ್ಟುವ ಮೊದಲೇ, ಹೊರಗಿನ ಗಾಳಿಯನ್ನು ಬೆರೆಸಿ, ಅದರಲ್ಲಿ ಉರಿಯದೆ ಉಳಿದ ಹೈಡ್ರೊಕಾರ್ಬನ್ ಹಾಗೂ ಕಾರ್ಬನ್ ಮಾನಾಕ್ಸೈಡನ್ನು ಸುಟ್ಟು ತಗ್ಗಿಸುವ ಉಪಕರಣಗಳ ಕೂಟಕ್ಕೆ ಪೂರಕ ಗಾಳಿ ವ್ಯವಸ್ಥೆ ಎಂದು ಹೆಸರು. ಗ್ಯಾರೇಜುಗಳಲ್ಲಿ ಇದನ್ನು ಏರ್ ಇಂಜೆಕ್ಷನ್ ಎನ್ನುತ್ತಾರೆ. ಬೈಕುಗಳ ಮಟ್ಟಿಗೆ ಎಸ್‌ಎಐ (ಸೆಕೆಂಡರಿ ಏರ್ ಇಂಜೆಕ್ಷನ್) ಎಂಬುದೇ ರೂಢಿ. ಎಂಜಿನ್ ಒಳಗಿನ ದಹನದಲ್ಲಿ ಇದರ ಪಾತ್ರವಿಲ್ಲ. ಎಂಜಿನ್ ತನ್ನ ಕೆಲಸ ಮುಗಿಸಿ ಹೊರದಬ್ಬಿದ ಅನಿಲದ ಮೇಲಷ್ಟೇ ಇದು ಕೆಲಸ ಮಾಡುತ್ತದೆ. 1960ರ ದಶಕದಲ್ಲಿ ಅಮೆರಿಕದ ಕಾರುಗಳಲ್ಲಿ ಮೊದಲು ಬಂದ ಈ ವ್ಯವಸ್ಥೆ ಭಾರತದಲ್ಲಿ ಮನೆಮಾತಾದದ್ದು ಕಾರುಗಳಿಂದಲ್ಲ, ನಾಲ್ಕು ಸ್ಟ್ರೋಕ್‌ನ ಬೈಕು ಮತ್ತು ಸ್ಕೂಟರುಗಳಿಂದ. ಬೆಂಗಳೂರಿನಲ್ಲಿ ನೋಂದಣಿಯಾದ ಒಂದು ಕೋಟಿಗೂ ಹೆಚ್ಚು ವಾಹನಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನವು ದ್ವಿಚಕ್ರ ವಾಹನಗಳಾಗಿರುವುದರಿಂದ ಈ ಲೇಖನದಲ್ಲಿ ಅವುಗಳಿಗೇ ಹೆಚ್ಚಿನ ಸ್ಥಳ ಕೊಡಲಾಗಿದೆ.

ಪರಿಭಾಷೆ

ಏರ್ ಫಿಲ್ಟರ್ ದಾಟಿ, ಪೆಟ್ರೋಲಿನೊಂದಿಗೆ ಬೆರೆತು ಸಿಲಿಂಡರಿಗೆ ಹೋಗುವ ಗಾಳಿ ಪ್ರಾಥಮಿಕ ಗಾಳಿ. ದಹನ ಮುಗಿದ ಮೇಲೆ ಹೊರಹೋಗುವ ಅನಿಲಕ್ಕೆ ಸೇರಿಸುವ ಗಾಳಿ ಪೂರಕ ಗಾಳಿ. ಸಿಲಿಂಡರ್ ಹೆಡ್‌ನಲ್ಲಿ ಎಗ್ಜಾಸ್ಟ್ ವಾಲ್ವ್‌ನ ಹಿಂದಿರುವ ಚಿಕ್ಕ ಹಾದಿಯನ್ನು ಇಲ್ಲಿ ನಿಷ್ಕಾಸ ದ್ವಾರ ಎನ್ನಲಾಗಿದೆ. ಅಲ್ಲಿಂದ ಸೈಲೆನ್ಸರ್‌ವರೆಗೆ ಬಾಗಿ ಬರುವ ಕೊಳವೆ ಬೆಂಡ್ ಪೈಪ್. ಪ್ಲಾಟಿನಂ ಗುಂಪಿನ ಲೋಹಗಳನ್ನು ಲೇಪಿಸಿದ ಕ್ಯಾಟಲಿಟಿಕ್ ಕನ್ವರ್ಟರನ್ನು ವೇಗವರ್ಧಕ ಎಂದು ಕರೆಯಲಾಗಿದೆ.

ತಯಾರಕರು ಒಂದೇ ವ್ಯವಸ್ಥೆಗೆ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಬಜಾಜ್ ಮತ್ತು ಟಿವಿಎಸ್ ಬೈಕುಗಳಲ್ಲಿ ಎಸ್‌ಎಐ, ಹೋಂಡಾ ಮತ್ತು ಸುಜುಕಿ ಕೈಪಿಡಿಗಳಲ್ಲಿ ಪೇರ್, ಯಮಹಾದಲ್ಲಿ ಎಐಎಸ್ ಎಂದಿರುವುದೆಲ್ಲ ತತ್ತ್ವದಲ್ಲಿ ಒಂದೇ. ಇಂಧನವನ್ನು ಸಿಂಪಡಿಸುವ ಫ್ಯೂಯಲ್ ಇಂಜೆಕ್ಷನ್ನಿಗೂ ಇದಕ್ಕೂ ಸಂಬಂಧವಿಲ್ಲ. ರುಡಾಲ್ಫ್ ಡೀಸೆಲ್‌ನ ಕಾಲದ ಎಂಜಿನ್ನುಗಳಲ್ಲಿ ಒತ್ತಿದ ಗಾಳಿಯ ಬಲದಿಂದ ಎಣ್ಣೆಯನ್ನು ಸಿಲಿಂಡರಿಗೆ ನುಗ್ಗಿಸುವ ಕ್ರಮವೊಂದಿತ್ತು, ಅದೂ ಬೇರೆಯೇ.

ಹೊಗೆಯ ರಸಾಯನ

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಚಳಿಯಲ್ಲಿ ಎಂಜಿನ್ ಶುರುಮಾಡುವಾಗ, ಐಡ್ಲಿಂಗ್‌ನಲ್ಲಿ, ಒಮ್ಮೆಲೇ ಆಕ್ಸಿಲರೇಟರ್ ತಿರುವಿದಾಗ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿರುತ್ತದೆ. ಗಾಳಿ 12 ಅಥವಾ 13 ಪಾಲಿಗೆ ಇಳಿಯುತ್ತದೆ. ಆಮ್ಲಜನಕ ಸಾಲದೆ ಇಂಗಾಲದ ಒಂದು ಪಾಲು ಅರ್ಧಕ್ಕೇ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಸಿಲಿಂಡರಿನ ತಣ್ಣನೆಯ ಗೋಡೆ, ಪಿಸ್ಟನ್ ರಿಂಗ್‌ಗಳ ಮೇಲಿನ ಸಂದು ಮೊದಲಾದ ಕಡೆ ಜ್ವಾಲೆ ತಲುಪುವುದೇ ಇಲ್ಲ. ಅಲ್ಲಿ ಸಿಕ್ಕಿಬಿದ್ದ ಪೆಟ್ರೋಲ್ ಆವಿ ಹೈಡ್ರೊಕಾರ್ಬನ್ ಆಗಿಯೇ ಹೊರಬರುತ್ತದೆ. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೊಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಸಾಗಣೆಯನ್ನು ತಡೆಯುತ್ತದೆ. ಹೈಡ್ರೊಕಾರ್ಬನ್ನುಗಳು ಬಿಸಿಲಿನಲ್ಲಿ ನೈಟ್ರೋಜನ್ ಆಕ್ಸೈಡುಗಳೊಂದಿಗೆ ವರ್ತಿಸಿ ನೆಲಮಟ್ಟದ ಓಝೋನ್ ಹುಟ್ಟಿಸುತ್ತವೆ.

ಇವೆರಡೂ ಉರಿಯಬಲ್ಲ ಅನಿಲಗಳು. ಬೇಕಾದದ್ದು ಆಮ್ಲಜನಕ, ಶಾಖ ಮತ್ತು ಒಂದಿಷ್ಟು ಸಮಯ. ಹೈಡ್ರೊಕಾರ್ಬನ್ ತಾನಾಗಿ ಉತ್ಕರ್ಷಣಗೊಳ್ಳಲು ಸುಮಾರು 600 ಡಿಗ್ರಿ ಸೆಲ್ಸಿಯಸ್, ಕಾರ್ಬನ್ ಮಾನಾಕ್ಸೈಡಿಗೆ ಸುಮಾರು 700 ಡಿಗ್ರಿ ದಾಟಿದ ಶಾಖ ಬೇಕು. ಹೊರಬರುವ ಅನಿಲದ ಶಾಖ ಐಡ್ಲಿಂಗ್‌ನಲ್ಲಿ 300ರಿಂದ 400 ಡಿಗ್ರಿ ಇದ್ದರೆ, ಎಂಜಿನ್ ಪೂರ್ತಿ ಭಾರ ಎಳೆಯುವಾಗ 900ರ ಹತ್ತಿರ ಹೋಗುತ್ತದೆ. ವಾಲ್ವ್ ದಾಟಿದ ಪ್ರತಿ ಅಂಗುಲಕ್ಕೂ ಅನಿಲ ತಣಿಯುತ್ತ ಹೋಗುವುದರಿಂದ ಪೂರಕ ಗಾಳಿಯನ್ನು ವಾಲ್ವ್‌ಗೆ ಆದಷ್ಟು ಹತ್ತಿರದಲ್ಲೇ ಬಿಡಬೇಕು. ವ್ಯವಸ್ಥೆಯ ಇಡೀ ವಿನ್ಯಾಸ ನಿಂತಿರುವುದು ಈ ಒಂದು ಅಂಶದ ಮೇಲೆ.

ಒಂದು ಗ್ರಾಂ ಕಾರ್ಬನ್ ಮಾನಾಕ್ಸೈಡ್ ಸುಡಲು ಸುಮಾರು 0.57 ಗ್ರಾಂ ಆಮ್ಲಜನಕ, ಅಂದರೆ ಹೆಚ್ಚುಕಡಿಮೆ 2.5 ಗ್ರಾಂ ಗಾಳಿ ಸಾಕು. ಈ ಉರಿಯಿಂದಲೇ ಶಾಖವೂ ಹುಟ್ಟುತ್ತದೆ: ಅನಿಲದಲ್ಲಿರುವ ಶೇ. 1ರಷ್ಟು ಕಾರ್ಬನ್ ಮಾನಾಕ್ಸೈಡ್ ಪೂರ್ತಿ ಉರಿದರೆ ಅನಿಲದ ಶಾಖ ಸುಮಾರು 90 ಡಿಗ್ರಿ ಏರುತ್ತದೆ. ಏರಿದ ಶಾಖ ಉಳಿದದ್ದನ್ನು ಸುಡಲು ನೆರವಾಗುತ್ತದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಅದೇ ಅನಿಲವನ್ನು ತಣಿಸಿ ಉರಿಯನ್ನು ನಿಲ್ಲಿಸುತ್ತದೆ. ನೈಟ್ರೋಜನ್ ಆಕ್ಸೈಡುಗಳ ಮೇಲೆ ಈ ವ್ಯವಸ್ಥೆಯಿಂದ ಏನೂ ಪ್ರಯೋಜನವಿಲ್ಲ. ಅವುಗಳಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕೇ ಹೊರತು ಸೇರಿಸುವಂತಿಲ್ಲ.

ಉಗಮ

ಲಾಸ್ ಏಂಜಲೀಸ್‌ನ ಕಣ್ಣುರಿಸುವ ಮಂಜಿಗೆ ವಾಹನಗಳ ಹೈಡ್ರೊಕಾರ್ಬನ್ ಮತ್ತು ಬಿಸಿಲು ಕಾರಣವೆಂದು ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಆರಿ ಹಾಗೆನ್-ಸ್ಮಿತ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಕ್ಯಾಲಿಫೋರ್ನಿಯಾ ರಾಜ್ಯ 1966ರ ಮಾದರಿಯ ಹೊಸ ಕಾರುಗಳಿಗೆ ಹೊಗೆ ನಿಯಂತ್ರಣವನ್ನು ಕಡ್ಡಾಯ ಮಾಡಿತು. 1968ರ ಮಾದರಿಗಳಿಂದ ಅದು ಇಡೀ ಅಮೆರಿಕಕ್ಕೆ ಅನ್ವಯವಾಯಿತು. ಎಂಜಿನ್ನುಗಳನ್ನು ಹೊಸದಾಗಿ ರೂಪಿಸಲು ಸಮಯವಿಲ್ಲದ ಕಂಪನಿಗಳು ಇದ್ದ ಎಂಜಿನ್ನಿಗೇ ಬೆಲ್ಟಿನಿಂದ ತಿರುಗುವ ಗಾಳಿ ಪಂಪನ್ನು ಜೋಡಿಸಿದವು. ಜನರಲ್ ಮೋಟರ್ಸ್‌ನ ಏರ್ ಇಂಜೆಕ್ಷನ್ ರಿಯಾಕ್ಟರ್, ಫೋರ್ಡ್‌ನ ಥರ್ಮ್ಯಾಕ್ಟರ್ ಇಂಥವು. ಕ್ರೈಸ್ಲರ್ ಆರಂಭದಲ್ಲಿ ಪಂಪಿನ ಗೊಡವೆಗೆ ಹೋಗದೆ ಕಾರ್ಬೊರೇಟರ್ ಮತ್ತು ಇಗ್ನಿಷನ್ ಹೊಂದಾಣಿಕೆಯಿಂದಲೇ ನಿಯಮ ಪಾಲಿಸಲು ನೋಡಿತು.

1975ರ ಮಾದರಿಗಳಲ್ಲಿ ವೇಗವರ್ಧಕ ಬಂದ ಮೇಲೆ ಪೂರಕ ಗಾಳಿಗೆ ಎರಡನೆಯ ಕೆಲಸ ಸಿಕ್ಕಿತು. ಅನಿಲ 600 ಡಿಗ್ರಿಗೆ ಕಾಯಬೇಕಾದ ಕಡೆ ವೇಗವರ್ಧಕ 250ರಿಂದ 300 ಡಿಗ್ರಿಯಲ್ಲೇ ಕೆಲಸ ಶುರುಮಾಡುತ್ತದೆ. ಅದಕ್ಕೂ ಆಮ್ಲಜನಕ ಬೇಕು, ಅದನ್ನು ಪಂಪು ಒದಗಿಸಿತು. 1980ರ ದಶಕದ ಆರಂಭದಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನೂ ತಗ್ಗಿಸುವ ತ್ರಿಮುಖ ವೇಗವರ್ಧಕಗಳು ಬಂದಾಗ ಕ್ರಮ ಬದಲಾಯಿತು. ತ್ರಿಮುಖ ವೇಗವರ್ಧಕ ಸರಿಯಾಗಿ ಕೆಲಸ ಮಾಡುವುದು ಮಿಶ್ರಣ 14.7ರ ಆಸುಪಾಸಿನಲ್ಲಿ ಇದ್ದಾಗ ಮಾತ್ರ. ಹಾಗಾಗಿ ಎಂಜಿನ್ ತಣ್ಣಗಿರುವಾಗ ಗಾಳಿಯನ್ನು ನಿಷ್ಕಾಸ ದ್ವಾರಕ್ಕೂ, ಬಿಸಿಯಾದ ಮೇಲೆ ವೇಗವರ್ಧಕದ ಹಿಂಭಾಗದ ಕೋಣೆಗೂ ತಿರುಗಿಸುವ ಕವಾಟಗಳನ್ನು ಅಳವಡಿಸಲಾಯಿತು.

ಭಾರತದಲ್ಲಿ ಆಗಮನ

ಭಾರತದಲ್ಲಿ ಈ ವ್ಯವಸ್ಥೆಯ ಕಥೆ ಹೊಗೆ ಮಿತಿಗಳ ಕಥೆಯೇ ಆಗಿದೆ. ಪೆಟ್ರೋಲ್ ವಾಹನಗಳಿಗೆ ಮೊದಲ ಮಿತಿ ಬಂದದ್ದು 1991ರಲ್ಲಿ. ದ್ವಿಚಕ್ರ ವಾಹನಗಳ ಕಾರ್ಬನ್ ಮಾನಾಕ್ಸೈಡ್ ಮಿತಿ 1996ರಲ್ಲಿ ಕಿಲೊಮೀಟರಿಗೆ 4.5 ಗ್ರಾಂ ಇತ್ತು. 2000ದಲ್ಲಿ 2 ಗ್ರಾಂ, 2005ರ ಭಾರತ್ ಸ್ಟೇಜ್-2 (ಬಿಎಸ್-2) ಹಂತದಲ್ಲಿ 1.5 ಗ್ರಾಂ, 2010ರ ಬಿಎಸ್-3ರಲ್ಲಿ 1 ಗ್ರಾಂ ಆಯಿತು. ಹೈಡ್ರೊಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳ ಒಟ್ಟು ಮಿತಿಯೂ ಇದೇ ಅವಧಿಯಲ್ಲಿ 3.6ರಿಂದ 2, 1.5, ಕೊನೆಗೆ 1 ಗ್ರಾಂಗೆ ಇಳಿಯಿತು.

ಈ ಇಳಿಕೆಯ ಮೊದಲ ಪೆಟ್ಟು ಬಿದ್ದದ್ದು ಎರಡು ಸ್ಟ್ರೋಕ್‌ನ ಎಂಜಿನ್ನುಗಳಿಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಹೊಸೂರಿನಿಂದ ಬರುತ್ತಿದ್ದ ಟಿವಿಎಸ್ ಮೊಪೆಡ್ ಮತ್ತು ಇಂಡ್-ಸುಜುಕಿ, ಯಮಹಾ ಆರ್‌ಎಕ್ಸ್ 100 ಎಲ್ಲವೂ ಆ ಜಾತಿಯವೇ. ಅವುಗಳಲ್ಲಿ ಹೊಗೆ ಹೊರಹೋಗುವ ಕಿಂಡಿ ತೆರೆದಿರುವಾಗಲೇ ಹೊಸ ಮಿಶ್ರಣ ಒಳನುಗ್ಗುವುದರಿಂದ ಪೆಟ್ರೋಲಿನ ದೊಡ್ಡ ಪಾಲು ಉರಿಯದೆ ಸೋರಿಹೋಗುತ್ತದೆ. ಅಷ್ಟು ಹೈಡ್ರೊಕಾರ್ಬನ್ನನ್ನು ಸುಡಲು ಬರಿಯ ಪೂರಕ ಗಾಳಿ ಸಾಲದು, ಅದರ ಜೊತೆ ವೇಗವರ್ಧಕವೂ ಬೇಕು. ನಾಲ್ಕು ಸ್ಟ್ರೋಕ್‌ನ ಎಂಜಿನ್ನಿನಲ್ಲಿ ಉಳಿಯುವ ಮಾಲಿನ್ಯ ಮೊದಲೇ ಕಡಿಮೆ. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100ರ ಹಾದಿಯಲ್ಲಿ ದೇಶದ ಬೈಕುಗಳೆಲ್ಲ ನಾಲ್ಕು ಸ್ಟ್ರೋಕ್‌ಗೆ ಹೊರಳಿದ ಮೇಲೆ, ಕಾರ್ಬೊರೇಟರನ್ನು ಉಳಿಸಿಕೊಂಡೇ ಬಿಎಸ್-2 ಮತ್ತು ಬಿಎಸ್-3 ಮಿತಿಗಳನ್ನು ದಾಟಲು ಪೂರಕ ಗಾಳಿ ಅಗ್ಗದ ದಾರಿಯಾಯಿತು. ಒಂದು ರಬ್ಬರ್ ಕೊಳವೆ, ಒಂದು ಉಕ್ಕಿನ ಪಟ್ಟಿ, ಒಂದು ಡಯಾಫ್ರಾಮ್ ಇದ್ದರೆ ಮುಗಿಯಿತು. ಅನೇಕ ಮಾದರಿಗಳಲ್ಲಿ ಇದರ ಜೊತೆಗೆ ಸೈಲೆನ್ಸರಿನೊಳಗೆ ಚಿಕ್ಕ ವೇಗವರ್ಧಕವೂ ಸೇರಿತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಸಿಗತೊಡಗಿದ್ದರಿಂದಲೇ ಅದು ಸಾಧ್ಯವಾದದ್ದು; ಸೀಸ ತಗುಲಿದರೆ ವೇಗವರ್ಧಕ ಕೆಡುತ್ತದೆ.

ರಚನೆ

ಸಾಮಾನ್ಯ ಬೈಕಿನ ವ್ಯವಸ್ಥೆಯಲ್ಲಿ ಗಾಳಿ ಏರ್ ಫಿಲ್ಟರಿನ ಶುದ್ಧ ಬದಿಯಿಂದ ಹೊರಟು ರಬ್ಬರ್ ಕೊಳವೆಯಲ್ಲಿ ನಿಯಂತ್ರಣ ಕವಾಟಕ್ಕೆ ಬರುತ್ತದೆ. ಅಲ್ಲಿಂದ ರೀಡ್ ವಾಲ್ವ್ ದಾಟಿ, ಲೋಹದ ಸಣ್ಣ ಕೊಳವೆಯೊಂದರ ಮೂಲಕ ಸಿಲಿಂಡರ್ ಹೆಡ್‌ನೊಳಗಿನ ನಿಷ್ಕಾಸ ದ್ವಾರಕ್ಕೆ ಸೇರುತ್ತದೆ. ಫಿಲ್ಟರಿನಿಂದಲೇ ಗಾಳಿ ಪಡೆಯುವುದರಿಂದ ಧೂಳು ತಡೆದಂತಾಗುತ್ತದೆ, ಗಾಳಿ ಎಳೆಯುವ ಸದ್ದೂ ಹೊರಗೆ ಕೇಳುವುದಿಲ್ಲ.

ರೀಡ್ ವಾಲ್ವ್ ಎಂದರೆ ಒಂದು ತುದಿಯಲ್ಲಿ ಬಿಗಿದ ತೆಳು ಉಕ್ಕಿನ ಪಟ್ಟಿ. ಒಳಗೆ ಒತ್ತಡ ತಗ್ಗಿದಾಗ ಅದು ಬಾಗಿ ಗಾಳಿಗೆ ದಾರಿ ಬಿಡುತ್ತದೆ. ಒತ್ತಡ ಏರಿದ ಕೂಡಲೇ ಮುಚ್ಚಿಕೊಂಡು ಬಿಸಿ ಅನಿಲ ಫಿಲ್ಟರಿನತ್ತ ನುಗ್ಗದಂತೆ ತಡೆಯುತ್ತದೆ.

ನಿಯಂತ್ರಣ ಕವಾಟದಲ್ಲಿ ಡಯಾಫ್ರಾಮ್ ಒಂದಿದ್ದು, ಅದಕ್ಕೆ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಇನ್‌ಲೆಟ್ ಕೊಳವೆಯಿಂದ ನಿರ್ವಾತದ ನಳಿಕೆ ಬರುತ್ತದೆ. ವೇಗದಲ್ಲಿ ಹೋಗುತ್ತಿದ್ದ ಬೈಕಿನ ಆಕ್ಸಿಲರೇಟರನ್ನು ಥಟ್ಟನೆ ಬಿಟ್ಟಾಗ ಸಿಲಿಂಡರಿಗೆ ಗಾಳಿ ತೀರಾ ಕಡಿಮೆ ಬಂದು, ಉರಿಯದ ಪೆಟ್ರೋಲ್ ಆವಿ ಬೆಂಡ್ ಪೈಪಿನಲ್ಲಿ ತುಂಬಿಕೊಳ್ಳುತ್ತದೆ. ಅದೇ ಹೊತ್ತಿಗೆ ಪೂರಕ ಗಾಳಿಯೂ ಸಿಕ್ಕರೆ ಅದು ಸೈಲೆನ್ಸರಿನೊಳಗೇ ಹೊತ್ತಿಕೊಂಡು ಪಟಪಟ ಸಿಡಿಯುತ್ತದೆ. ಆ ಗಳಿಗೆಯಲ್ಲಿ ಹೆಚ್ಚುವ ನಿರ್ವಾತವೇ ಡಯಾಫ್ರಾಮನ್ನು ಎಳೆದು ಗಾಳಿಯ ದಾರಿ ಮುಚ್ಚುತ್ತದೆ. ಫ್ಯೂಯಲ್ ಇಂಜೆಕ್ಷನ್ ಇರುವ ಬೈಕುಗಳಲ್ಲಿ ಡಯಾಫ್ರಾಮಿನ ಜಾಗದಲ್ಲಿ ವಿದ್ಯುತ್ ಸೊಲೆನಾಯ್ಡ್ ಇರುತ್ತದೆ. ಅದನ್ನು ತೆರೆದು ಮುಚ್ಚುವುದು ಎಂಜಿನ್‌ನ ವಿದ್ಯುನ್ಮಾನ ನಿಯಂತ್ರಕವಾದ ಇಸಿಯು.

ಬಗೆಗಳು

ಗಾಳಿಯನ್ನು ಒಳಕ್ಕೆ ತರುವ ಬಲ ಯಾವುದು ಎಂಬುದರ ಮೇಲೆ ಮುಖ್ಯವಾಗಿ ಎರಡು ಬಗೆ.

ಪಂಪಿನ ಬಗೆಯಲ್ಲಿ ಒತ್ತಡ ಹೊರಗಿನಿಂದ ಬರುತ್ತದೆ. ಹಳೆಯ ಅಮೆರಿಕನ್ ಕಾರುಗಳಲ್ಲಿ ಬೆಲ್ಟಿನ ಪಂಪು ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಿತ್ತು, ಎಂಜಿನ್ನಿನ ಶಕ್ತಿಯಲ್ಲಿ ಸ್ವಲ್ಪವನ್ನು ತಿನ್ನುತ್ತಿತ್ತು. 1990ರ ದಶಕದಿಂದ ಈಚಿನ ಕಾರುಗಳಲ್ಲಿ ಅದು ಬ್ಯಾಟರಿಯಿಂದ ನಡೆಯುವ ಪಂಪು. ತಣ್ಣನೆಯ ಎಂಜಿನ್ ಶುರುವಾದ ಮೇಲೆ ಒಂದೂವರೆ ನಿಮಿಷದೊಳಗೆ ತನ್ನ ಕೆಲಸ ಮುಗಿಸಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಇಸಿಯು ಬೇಕೆಂದೇ ಪೆಟ್ರೋಲನ್ನು ಹೆಚ್ಚಿಸಿ, ಇಗ್ನಿಷನನ್ನು ತಡಮಾಡುತ್ತದೆ. ಹೆಚ್ಚಿನ ಪೆಟ್ರೋಲ್ ಮತ್ತು ಪೂರಕ ಗಾಳಿ ಸೇರಿ ಹೊರಗಿನ ಕೊಳವೆಯಲ್ಲೇ ಉರಿದು ವೇಗವರ್ಧಕವನ್ನು ಬೇಗ ಕಾಯಿಸುತ್ತವೆ. ಆಧುನಿಕ ಕಾರು ಪರೀಕ್ಷಾ ಓಟದಲ್ಲಿ ಬಿಡುವ ಹೈಡ್ರೊಕಾರ್ಬನ್ನಿನ ಬಹುಪಾಲು ಮೊದಲ ಒಂದೆರಡು ನಿಮಿಷಗಳಲ್ಲೇ ಬರುವುದರಿಂದ ಈ ಅಲ್ಪಕಾಲದ ಕೆಲಸಕ್ಕೆ ಬೆಲೆಯಿದೆ. ಭಾರತದ ರಸ್ತೆಗಳಲ್ಲಿ ಇದು ಕಾಣಸಿಗುವುದು ಹೆಚ್ಚಾಗಿ ಜರ್ಮನ್ ಮೂಲದ ದುಬಾರಿ ಕಾರುಗಳಲ್ಲಿ.

ಮಿಡಿತದ ಬಗೆಯಲ್ಲಿ ಪಂಪೇ ಇಲ್ಲ. ಎಗ್ಜಾಸ್ಟ್ ವಾಲ್ವ್ ತೆರೆದಾಗ ಒತ್ತಡದ ಅಲೆಯೊಂದು ಬೆಂಡ್ ಪೈಪಿನಲ್ಲಿ ಓಡುತ್ತದೆ. ಕೊಳವೆ ಅಗಲವಾಗುವ ಕಡೆ ಅದು ತಗ್ಗು ಒತ್ತಡದ ಅಲೆಯಾಗಿ ಹಿಂತಿರುಗುತ್ತದೆ. ಆ ಅಲೆ ನಿಷ್ಕಾಸ ದ್ವಾರ ಮುಟ್ಟಿದಾಗ ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿ, ರೀಡ್ ವಾಲ್ವ್ ತೆರೆದು, ಗಾಳಿ ತಾನಾಗಿ ಒಳಬರುತ್ತದೆ. 1,400 ಆರ್‌ಪಿಎಂನಲ್ಲಿ ಐಡ್ಲಿಂಗ್ ಮಾಡುವ ಒಂಟಿ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಸೆಕೆಂಡಿಗೆ ಸುಮಾರು 12 ಸಲ ಹೊಗೆ ಬಿಡುತ್ತದೆ. ಈ ವೇಗದಲ್ಲಿ ಪಟ್ಟಿಗೆ ತೆರೆದು ಮುಚ್ಚಲು ಸಾಕಷ್ಟು ಸಮಯವಿದೆ. 7,000 ಆರ್‌ಪಿಎಂನಲ್ಲಿ ಅದು 58 ಸಲ ಆಗುತ್ತದೆ. ಪ್ರತಿ ಸಲಕ್ಕೆ ಒಳಬರುವ ಗಾಳಿಯ ಪಾಲು ಕುಗ್ಗುತ್ತದೆ. ಹೀಗಾಗಿ ಈ ಬಗೆ ಪರಿಣಾಮಕಾರಿ ಎನಿಸುವುದು ಕಡಿಮೆ ವೇಗದಲ್ಲಿ. ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಮಿಡಿತಗಳು ಒಂದನ್ನೊಂದು ಅಳಿಸುವುದಿಲ್ಲ. ಭಾರತದ ಬೈಕುಗಳೆಲ್ಲ ಈ ಬಗೆಯನ್ನೇ ಆರಿಸಿಕೊಂಡದ್ದಕ್ಕೆ ಅಗ್ಗದ ಬೆಲೆಯ ಜೊತೆಗೆ ಇದೂ ಕಾರಣ.

ಡೀಸೆಲ್ ಎಂಜಿನ್ನುಗಳಿಗೆ ಈ ವ್ಯವಸ್ಥೆ ಬೇಕಿಲ್ಲ. ಅವು ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ಗಾಳಿಯಲ್ಲೇ ಓಡುವುದರಿಂದ ಹೊಗೆಯಲ್ಲಿ ಆಮ್ಲಜನಕ ಉಳಿದೇ ಇರುತ್ತದೆ. ಬೆಂಗಳೂರಿನ ಶಿವಾಜಿನಗರ ನಿಲ್ದಾಣದಿಂದ ಹೊರಡುವ ಡೀಸೆಲ್ ಬಸ್ಸಿನ ತೊಂದರೆ ಮಸಿ ಮತ್ತು ನೈಟ್ರೋಜನ್ ಆಕ್ಸೈಡ್. ಅದರ ಪರಿಹಾರ ಬೇರೆ.

ಬೆಂಗಳೂರಿನ ಪೂರ್ವ ಭಾಗದ ಸಂದರ್ಭ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಶೇ. 10ರಷ್ಟು ಕಡಿಮೆ. ಕಾರ್ಬೊರೇಟರ್ ಅಳೆಯುವುದು ಗಾಳಿಯ ತೂಕವನ್ನಲ್ಲ, ಹರಿವನ್ನು. ಆದ್ದರಿಂದ ಕರಾವಳಿಗೆ ಹೊಂದಿಸಿದ ಜೆಟ್ ಇಲ್ಲಿ ಸುಮಾರು ಶೇ. 5ರಷ್ಟು ಹೆಚ್ಚು ಪೆಟ್ರೋಲ್ ಬೆರೆಸುತ್ತದೆ. ಮಡಿಕೇರಿಯಂಥ ಇನ್ನೂ ಎತ್ತರದ ಊರುಗಳಲ್ಲಿ ಈ ವ್ಯತ್ಯಾಸ ಹೆಚ್ಚುತ್ತದೆ. ಮಿಶ್ರಣ ದಟ್ಟವಾದಷ್ಟೂ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಪೂರಕ ಗಾಳಿಗೆ ಕೆಲಸವೂ ಏರುತ್ತದೆ. ಅನಿಲವನ್ನು ಅಳೆದು ಪೆಟ್ರೋಲ್ ತಿದ್ದುವ ಸೆನ್ಸರ್‌ಗಳಿರುವ ಬಿಎಸ್-6 ಬೈಕುಗಳಲ್ಲಿ ಎತ್ತರದ ಈ ಪರಿಣಾಮ ಉಳಿಯುವುದಿಲ್ಲ.

ಓಡಾಟದ ಸ್ವರೂಪ ಇನ್ನೊಂದು ಅಂಶ. ಪುಲಿಕೇಶಿನಗರದಂಥ ಹಳೆಯ ಬಡಾವಣೆಯಲ್ಲಿ ಮಾಸ್ಕ್ ರೋಡಿನಿಂದ ಕೋಲ್ಸ್ ಪಾರ್ಕಿಗೆ, ಬೆಂಗಳೂರು ಪೂರ್ವ ರೈಲು ನಿಲ್ದಾಣದಿಂದ ಟ್ಯಾನರಿ ರಸ್ತೆಗೆ ಹೋಗುವ ದ್ವಿಚಕ್ರ ಸವಾರಿಗಳು ಎರಡು ಕಿಲೊಮೀಟರ್ ಕೂಡ ಆಗುವುದಿಲ್ಲ. ಇಷ್ಟು ಚಿಕ್ಕ ಓಟದಲ್ಲಿ ವೇಗವರ್ಧಕ ಕಾಯ್ದು ಕೆಲಸಕ್ಕೆ ಬರುವ ಹೊತ್ತಿಗೆ ದಾರಿಯ ಗಣನೀಯ ಭಾಗ ಮುಗಿದಿರುತ್ತದೆ. ಸಿಗ್ನಲ್‌ಗಳಲ್ಲಿ ನಿಂತಾಗ ಮಿಡಿತದ ಬಗೆಯ ವ್ಯವಸ್ಥೆ ಗಾಳಿಯನ್ನು ಚೆನ್ನಾಗಿ ಎಳೆಯುತ್ತದೆ; ಆದರೆ ಆಗ ಅನಿಲದ ಶಾಖ ಕಡಿಮೆ ಇರುವುದರಿಂದ ಉರಿಯುವ ಪಾಲು ಗಾಳಿಯ ಪಾಲಿನಷ್ಟು ಏರುವುದಿಲ್ಲ. ಹಲಸೂರಿನಿಂದ ಕೆ.ಆರ್. ಪುರದ ಕಡೆಗೆ ಹಳೇ ಮದ್ರಾಸ್ ರಸ್ತೆಯಲ್ಲಿ ದಟ್ಟಣೆಯಿಲ್ಲದ ವೇಳೆ ಒಂದೇ ವೇಗದಲ್ಲಿ ಹೋಗುವ ಬೈಕಿನಲ್ಲಿ ಇದು ತಿರುವುಮುರುವು: ಶಾಖ ಹೆಚ್ಚು, ಎಳೆಯುವ ಗಾಳಿ ಕಡಿಮೆ. ಬೆಂಗಳೂರಿನ ಹವೆ ವಿಪರೀತ ಚಳಿಯದಲ್ಲ. ಹಾಗಾಗಿ ಚಳಿದೇಶಗಳಲ್ಲಿ ಶುರುವಿನ ಹೊತ್ತಿಗೆ ಬೇಕಾಗುವ ಭಾರಿ ಪೆಟ್ರೋಲ್ ಇಲ್ಲಿ ಬೇಕಾಗದು.

ಎಮಿಷನ್ ಟೆಸ್ಟ್ ಮತ್ತು ಪೂರಕ ಗಾಳಿ

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಡಿ, ಮೊದಲ ನೋಂದಣಿಗೆ ಒಂದು ವರ್ಷ ತುಂಬಿದ ಮೇಲೆ ವಾಹನಕ್ಕೆ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಇರಬೇಕು. ಹಳೆಯ ವಾಹನಗಳಿಗೆ ಅದರ ಅವಧಿ ಆರು ತಿಂಗಳು. ಬಿಎಸ್-4 ಮತ್ತು ಅನಂತರದವುಗಳಿಗೆ ಒಂದು ವರ್ಷ. ಬೆಂಗಳೂರು ಪೂರ್ವ ಕಚೇರಿಯ ಕೆಎ-03, ಕೆ.ಆರ್. ಪುರದ ಕೆಎ-53 ಸೇರಿದಂತೆ ಎಲ್ಲ ನೋಂದಣಿಗಳ ವಾಹನಗಳಿಗೂ ಪೆಟ್ರೋಲ್ ಬಂಕುಗಳಲ್ಲಿ ಮತ್ತು ರಸ್ತೆಬದಿಯ ವ್ಯಾನುಗಳಲ್ಲಿ ನಡೆಯುವ ಎಮಿಷನ್ ಟೆಸ್ಟ್ ಇದೇ. 2000ದ ಮಾರ್ಚ್ ನಂತರ ತಯಾರಾದ ನಾಲ್ಕು ಸ್ಟ್ರೋಕ್ ದ್ವಿಚಕ್ರ ವಾಹನಗಳಿಗೆ 2004ರಿಂದ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 3.5, ಹೈಡ್ರೊಕಾರ್ಬನ್ ಹತ್ತು ಲಕ್ಷಕ್ಕೆ 4,500 ಪಾಲು ಎಂಬ ಮಿತಿ ನಿಗದಿಯಾಯಿತು. ಹೊಸ ಹಂತಗಳ ವಾಹನಗಳಿಗೆ ಮಿತಿ ಇನ್ನೂ ಬಿಗಿ.

ಈ ಪರೀಕ್ಷೆ ಅಳೆಯುವುದು ಶೇಕಡಾವಾರನ್ನು, ಹೊರಬಿದ್ದ ಒಟ್ಟು ತೂಕವನ್ನಲ್ಲ. ಹೊಗೆಗೆ ಗಾಳಿ ಬೆರೆತರೆ, ಒಂದು ಕಣವೂ ಉರಿಯದಿದ್ದರೂ, ಕಾರ್ಬನ್ ಮಾನಾಕ್ಸೈಡಿನ ಶೇಕಡಾವಾರು ಇಳಿಯುತ್ತದೆ. ಆದ್ದರಿಂದ ಪೂರಕ ಗಾಳಿಯಿಂದ ಕಾಣುವ ಇಳಿಕೆಯಲ್ಲಿ ಎರಡು ಭಾಗಗಳಿವೆ: ನಿಜವಾಗಿ ಸುಟ್ಟು ಹೋದದ್ದು ಒಂದು, ಬರಿಯ ತೆಳುವಾಗಿ ಕಂಡದ್ದು ಇನ್ನೊಂದು. ಇವೆರಡನ್ನು ಬೇರ್ಪಡಿಸಲು ಕಾರ್ಬನ್ ಡೈಆಕ್ಸೈಡನ್ನೂ ಅಳೆಯಬೇಕು. ಯುರೋಪಿನ ಐಡ್ಲಿಂಗ್ ಪರೀಕ್ಷೆಗಳಲ್ಲಿ ನಾಲ್ಕು ಸ್ಟ್ರೋಕ್ ಎಂಜಿನ್ನಿಗೆ ಬಳಸುವ ತಿದ್ದುಪಡಿಯ ಪ್ರಕಾರ, ಎರಡೂ ಅನಿಲಗಳ ಮೊತ್ತ ಶೇ. 15ಕ್ಕಿಂತ ಕಡಿಮೆಯಿದ್ದರೆ ಕಾರ್ಬನ್ ಮಾನಾಕ್ಸೈಡಿನ ಅಳತೆಯನ್ನು 15ರಿಂದ ಗುಣಿಸಿ ಆ ಮೊತ್ತದಿಂದ ಭಾಗಿಸಬೇಕು. ಯಂತ್ರ ಮಾನಾಕ್ಸೈಡ್ ಶೇ. 2, ಡೈಆಕ್ಸೈಡ್ ಶೇ. 8 ಎಂದು ತೋರಿಸಿದರೆ ತಿದ್ದಿದ ಅಳತೆ ಶೇ. 3. ಒಂಟಿ ಸಿಲಿಂಡರಿನ ಬೈಕಿನ ಸೈಲೆನ್ಸರ್ ತುದಿಯಲ್ಲಿ ಮಿಡಿತದಿಂದ ಹೊರಗಿನ ಗಾಳಿ ಒಳಕ್ಕೆ ಸರಿಯುವುದೂ ಇದೇ ಬಗೆಯ ತಪ್ಪು ಅಳತೆ ಕೊಡುತ್ತದೆ. ಅದಕ್ಕಾಗಿಯೇ ಪರೀಕ್ಷೆಯ ನಳಿಕೆಯನ್ನು ಸಾಕಷ್ಟು ಒಳಕ್ಕೆ ತೂರಿಸಬೇಕು, ಇಲ್ಲವೇ ಸೈಲೆನ್ಸರಿಗೆ ಹೆಚ್ಚುವರಿ ಕೊಳವೆ ಜೋಡಿಸಬೇಕು.

ಕಾರ್ಖಾನೆಯಿಂದ ಹೊರಡುವ ಹೊಸ ಮಾದರಿಗೆ ಅನುಮೋದನೆ ಕೊಡುವಾಗ ನಡೆಯುವ ಪರೀಕ್ಷೆಯಲ್ಲಿ ಈ ತೊಡಕಿಲ್ಲ. ಪುಣೆಯ ಎಆರ್‌ಎಐಯಂಥ ವಾಹನ ಸಂಶೋಧನಾ ಸಂಸ್ಥೆಗಳಲ್ಲಿ ವಾಹನವನ್ನು ರೋಲರಿನ ಮೇಲೆ ನಿಗದಿತ ಕ್ರಮದಲ್ಲಿ ಓಡಿಸಿ, ಹೊಗೆಯನ್ನೆಲ್ಲ ಹಿಡಿದು, ಪ್ರತಿ ಕಿಲೊಮೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕಹಾಕುತ್ತಾರೆ. ಗಾಳಿ ಎಷ್ಟೇ ಬೆರೆತರೂ ತೂಕ ಬದಲಾಗದು.

ದೋಷಗಳು ಮತ್ತು ದುರಸ್ತಿ

ಬೈಕುಗಳಲ್ಲಿ ಸಾಮಾನ್ಯ ದೋಷಗಳು ಮೂರು ಕಡೆ: ಬಿಸಿಗೆ ಒಣಗಿ ಬಿರಿಯುವ ರಬ್ಬರ್ ಕೊಳವೆ, ಮಸಿ ಕಟ್ಟಿ ಪೂರ್ತಿ ಮುಚ್ಚದ ರೀಡ್ ವಾಲ್ವ್, ಹರಿದ ಡಯಾಫ್ರಾಮ್. ರೀಡ್ ಸರಿಯಾಗಿ ಮುಚ್ಚದಿದ್ದರೆ ಬಿಸಿ ಅನಿಲ ಹಿಂದಕ್ಕೆ ಬಂದು ಕೊಳವೆಯನ್ನು ಕರಗಿಸುತ್ತದೆ, ಏರ್ ಫಿಲ್ಟರಿಗೂ ತಗುಲುತ್ತದೆ. ಡಯಾಫ್ರಾಮ್ ಹರಿದರೆ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಸೈಲೆನ್ಸರಿನಿಂದ ಸಿಡಿತ ಕೇಳುತ್ತದೆ. ಬೆಂಡ್ ಪೈಪ್ ಬೇಗ ನೀಲಿಗಟ್ಟುವುದು ಮಾತ್ರ ದೋಷವಾಗಿರಬೇಕೆಂದಿಲ್ಲ. ಒಳಗೆ ಉರಿ ನಡೆಯುವ ಕೊಳವೆಗೆ ಅದು ಸಹಜ.

ಐಡ್ಲಿಂಗ್ ಮಿಶ್ರಣವನ್ನು ಟ್ಯೂನ್ ಮಾಡುವಾಗ ಪೂರಕ ಗಾಳಿಯನ್ನು ಮೊದಲು ನಿಲ್ಲಿಸಬೇಕೆಂದು ಹೋಂಡಾ ಮೊದಲಾದ ಕಂಪನಿಗಳ ಕೈಪಿಡಿಗಳು ಹೇಳುತ್ತವೆ. ಹಾಗೆ ಮಾಡದೆ ಯಂತ್ರದ ಅಳತೆ ನೋಡಿ ಸ್ಕ್ರೂ ತಿರುಗಿಸಿದರೆ ಎಂಜಿನ್ನಿನೊಳಗಿನ ನಿಜವಾದ ಮಿಶ್ರಣ ಗೊತ್ತಾಗುವುದಿಲ್ಲ. ಟ್ಯೂನಿಂಗ್ ಮುಗಿದ ಮೇಲೆ ಕೊಳವೆಯನ್ನು ಮರಳಿ ಜೋಡಿಸಬೇಕು.

ಕೊಳವೆಯೊಳಗೆ ಬೇರಿಂಗ್ ಗುಂಡು ಅಥವಾ ತಗಡಿನ ತುಂಡು ಇಟ್ಟು ಎಸ್‌ಎಐ ಮುಚ್ಚುವ ರೂಢಿ ಸವಾರರಲ್ಲಿದೆ. ಇದರಿಂದ ಮೈಲೇಜ್ ಮತ್ತು ಎಳೆತ ಹೆಚ್ಚುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮಿಡಿತದ ಬಗೆಯಲ್ಲಿ ಎಂಜಿನ್ನಿನಿಂದ ಯಾವ ಶಕ್ತಿಯನ್ನೂ ಪಡೆಯುವುದಿಲ್ಲ. ಗಾಳಿ ಸೇರುವುದು ದಹನ ಮುಗಿದ ಮೇಲೆ. ಮುಚ್ಚುವುದರಿಂದ ನಿಜವಾಗಿ ಸಿಗುವುದು ಸಿಡಿತದ ಸದ್ದು ಕಡಿಮೆಯಾಗುವುದು ಮತ್ತು ಬೆಂಡ್ ಪೈಪ್ ಸ್ವಲ್ಪ ತಣ್ಣಗಿರುವುದು. ಹೋಗುವುದು ಹೊಗೆ ನಿಯಂತ್ರಣ. 1988ರ ಮೋಟಾರು ವಾಹನ ಕಾಯ್ದೆಯ 190(2)ನೆಯ ಕಲಮಿನಡಿ, 2019ರ ತಿದ್ದುಪಡಿಯ ನಂತರ, ಮಾಲಿನ್ಯ ಮಿತಿ ಮೀರಿ ವಾಹನ ಓಡಿಸಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗಿನ ಸೆರೆ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ.

ಹಳೆಯ ಮಾದರಿಗಳಿಗೆ ಕಂಪನಿಯ ಬಿಡಿಭಾಗ ಸಿಗದಿದ್ದಾಗ ಶಿವಾಜಿನಗರದ ಗುಜರಿಯಲ್ಲಿ ಬಳಸಿದ ನಿಯಂತ್ರಣ ಕವಾಟಗಳನ್ನು ಹುಡುಕುವುದುಂಟು. ಇಂಥ ಕವಾಟವನ್ನು ಪರೀಕ್ಷಿಸುವ ಕ್ರಮ ಸರಳ: ಫಿಲ್ಟರಿನ ಕಡೆಯಿಂದ ಊದಿದರೆ ಗಾಳಿ ಹಾಯಬೇಕು, ಎಂಜಿನ್ ಕಡೆಯಿಂದ ಊದಿದರೆ ಹಾಯಬಾರದು.

ಕಾರುಗಳ ವಿದ್ಯುತ್ ಪಂಪಿಗೆ ದೊಡ್ಡ ಶತ್ರು ನೀರು. ಹಿಮ್ಮುಖ ಹರಿವನ್ನು ತಡೆಯುವ ಕವಾಟ ಸೋರಿದರೆ ಹೊಗೆಯಲ್ಲಿನ ನೀರಾವಿ ಪಂಪಿನೊಳಗೆ ತಣಿದು ತುಕ್ಕು ಹಿಡಿಸುತ್ತದೆ. ಪಂಪು ಓಡಿದಾಗ ಹೊಗೆಯಲ್ಲಿ ಆಮ್ಲಜನಕ ಏರಿತೇ ಎಂದು ಇಸಿಯು ಸೆನ್ಸರಿನಿಂದ ನೋಡುತ್ತದೆ. ಏರದಿದ್ದರೆ ಪಿ0410, ಪಿ0411 ಮುಂತಾದ ದೋಷಸಂಕೇತಗಳನ್ನು ದಾಖಲಿಸಿ ಡ್ಯಾಶ್‌ಬೋರ್ಡಿನ ಎಂಜಿನ್ ದೀಪವನ್ನು ಹೊತ್ತಿಸುತ್ತದೆ.

ಇಂದಿನ ಸ್ಥಿತಿ

2017ರ ಏಪ್ರಿಲ್ 1ರಿಂದ ಬಿಎಸ್-3 ವಾಹನಗಳ ಮಾರಾಟವನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾಯಿತು. ಅದರಲ್ಲಿ ದ್ವಿಚಕ್ರ ವಾಹನಗಳಿಗೆ ಕಿಲೊಮೀಟರಿಗೆ ಕಾರ್ಬನ್ ಮಾನಾಕ್ಸೈಡ್ 1 ಗ್ರಾಂ, ಒಟ್ಟು ಹೈಡ್ರೊಕಾರ್ಬನ್ 0.1 ಗ್ರಾಂ, ನೈಟ್ರೋಜನ್ ಆಕ್ಸೈಡ್ 0.06 ಗ್ರಾಂ ಎಂಬ ಪ್ರತ್ಯೇಕ ಮಿತಿಗಳಿವೆ. ಇಷ್ಟು ಕಡಿಮೆ ನೈಟ್ರೋಜನ್ ಆಕ್ಸೈಡನ್ನು ಸಾಧಿಸಲು ತ್ರಿಮುಖ ವೇಗವರ್ಧಕ, ಆಮ್ಲಜನಕ ಸೆನ್ಸರ್, ಫ್ಯೂಯಲ್ ಇಂಜೆಕ್ಷನ್ ಮೂರೂ ಒಟ್ಟಿಗಿರಬೇಕಾಯಿತು. ಸದಾ ತೆರೆದಿರುವ ಪೂರಕ ಗಾಳಿ ಅದಕ್ಕೆ ಅಡ್ಡಿ. ಹಾಗಾಗಿ ಕೆಲವು ಮಾದರಿಗಳು ಈ ವ್ಯವಸ್ಥೆಯನ್ನು ಪೂರ್ತಿ ಬಿಟ್ಟಿವೆ. ಇನ್ನು ಕೆಲವು, ಇಸಿಯು ಹೇಳಿದಾಗ ಮಾತ್ರ ತೆರೆಯುವ ಸೊಲೆನಾಯ್ಡ್ ಕವಾಟದೊಂದಿಗೆ ಅದನ್ನು ಉಳಿಸಿಕೊಂಡಿವೆ.

ಇಂಧನವೂ ಬದಲಾಗಿದೆ. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಬಿಡುಗಡೆ ಮಾಡಲಾಯಿತು. ಎಥೆನಾಲಿನಲ್ಲೇ ಆಮ್ಲಜನಕವಿರುವುದರಿಂದ ಇ20ಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಹಳೆಯ ಕಾರ್ಬೊರೇಟರ್ ಬೈಕಿನಲ್ಲಿ ಇದರಿಂದ ಮಿಶ್ರಣ ತೆಳುವಾಗುತ್ತದೆ. ಎತ್ತರದಿಂದ ದಟ್ಟವಾದದ್ದನ್ನು ಅದು ಸರಿದೂಗಿಸಿ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ, ಪೂರಕ ಗಾಳಿಗೆ ಸುಡಲು ಉಳಿಯುವುದೂ ಇಳಿಯುತ್ತದೆ.

2001ರಲ್ಲಿ ರೇವಾ ಎಲೆಕ್ಟ್ರಿಕ್ ಕಾರು ಬಂದ ಬೆಂಗಳೂರಿನಲ್ಲೇ 2018ರಲ್ಲಿ ಏಥರ್ ಎಲೆಕ್ಟ್ರಿಕ್ ಸ್ಕೂಟರಿನ ಮಾರಾಟವೂ ಶುರುವಾಯಿತು. ಹೊಗೆಯೇ ಇಲ್ಲದ ಇಂಥ ವಾಹನಗಳಲ್ಲಿ ಪೂರಕ ಗಾಳಿಯ ಪ್ರಶ್ನೆಯೇ ಹುಟ್ಟದು. ಇತ್ತ ಮೈಸೂರಿನ ಟಿವಿಎಸ್, 2013ರಲ್ಲಿ ಶುರುವಾದ ಕೋಲಾರ ಜಿಲ್ಲೆ ನರಸಾಪುರದ ಹೋಂಡಾ ಕಾರ್ಖಾನೆಗಳಿಂದ ಪೆಟ್ರೋಲ್ ದ್ವಿಚಕ್ರ ವಾಹನಗಳು ಹೊರಬರುತ್ತಲೇ ಇವೆ. ದ್ವಿಚಕ್ರ ವಾಹನದ ನೋಂದಣಿ 15 ವರ್ಷ ಊರ್ಜಿತವಿದ್ದು, ಅನಂತರ ತಪಾಸಣೆಗೆ ಒಳಪಡಿಸಿ ನವೀಕರಿಸಿಕೊಳ್ಳಬಹುದು. ಬಿಎಸ್-3ರ ಕಾಲದಲ್ಲಿ ಎಸ್‌ಎಐ ಸಮೇತ ಮಾರಾಟವಾದ ಬೈಕುಗಳು 2025ರಿಂದ ಈ ನವೀಕರಣದ ಹಂತಕ್ಕೆ ಬರತೊಡಗಿವೆ.